ತಮ್ಮ ಜೈಲಲ್ಲಿದ್ದ ನಾಲ್ಕು ತಿಂಗಳು: ಭೇಟಿ, ದುಡ್ಡು, ಊಟ, ಉಚಿತ ವಕೀಲರು – ಯಾವ್ದು ಕೆಲ್ಸಕ್ಕೆ ಬಂತು, ಯಾವ್ದು ಬರ್ಲಿಲ್ಲ

ಹೋಟ್ಲಿಗೆ, ಮೊಬೈಲಿಗೆ, ಆಸ್ಪತ್ರೆಗೆ ಎಲ್ಲಾ ರಿವ್ಯೂ ಬರೀತಾರೆ, ಜೈಲಲ್ಲಿರೋರಿಗೆ ಸಿಗೋ ಸೌಲಭ್ಯದ ಬಗ್ಗೆ ಕನ್ನಡದಲ್ಲಿ ಒಬ್ರೂ ಬರ್ದಿಲ್ಲ. ನನಗೆ ಬೇಕಾದಾಗ ರಾತ್ರಿಯೆಲ್ಲಾ ಹುಡುಕಿದ್ದೆ, ಒಂದೂ ಸಿಗ್ಲಿಲ್ಲ, ಅದಕ್ಕೇ ನಾನೇ ಬರೀತಿದೀನಿ. ನಮ್ದು ಕೋಲಾರ ಜಿಲ್ಲೆ ಶ್ರೀನಿವಾಸಪುರದ ಕಡೆ ಹಳ್ಳಿ, ನಾನು ನರಸಾಪುರದಲ್ಲಿ ಒಂದು ಫ್ಯಾಕ್ಟರಿಲಿ ಶಿಫ್ಟ್ ಕೆಲ್ಸ ಮಾಡ್ತೀನಿ. ಯುಗಾದಿ ಆಗಿ ಎರಡು ವಾರಕ್ಕೆ ಬೋರ್‌ವೆಲ್ ನೀರಿನ ವಿಚಾರಕ್ಕೆ ಗಲಾಟೆ ಆಗಿ ನನ್ನ ತಮ್ಮನ್ನ ಅರೆಸ್ಟ್ ಮಾಡಿದ್ರು, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಆಚೆ ಬಂದ. ತಪ್ಪು ಯಾರ್ದು ಅಂತ ಕೋರ್ಟ್ ಹೇಳುತ್ತೆ, ಆ ಕಡೆಯವ್ರ ಹುಡುಗನಿಗೂ ಕೈ ಮೂಳೆ ಮುರಿದಿದೆ, ಅದನ್ನ ನಾವು ಮರೆತಿಲ್ಲ. ಯಾವ ಜೈಲು ಅಂತ ಹೆಸ್ರು ಹಾಕಲ್ಲ. ನಮ್ಮೂರಿಂದ ಎರಡು ಬಸ್ ಬದಲಾಯ್ಸಿ ಹೋಗೋ ಜಾಗ ಅಂದ್ಕೊಳಿ.

ಮೊದಲ ದಿನದ ಕಥೆ ಹೇಳ್ತೀನಿ. ಅಮ್ಮ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮುದ್ದೆ, ಬಸ್ಸಾರು ಮಾಡಿ ಡಬ್ಬಿಗೆ ಹಾಕ್ಕೊಂಡು ಬಂದಿದ್ಳು, ಇಬ್ರೂ ಗೇಟ್ ಹತ್ರ ಹೋಗಿ ನಿಂತ್ಕೊಂಡ್ವಿ. ಮನೆ ಊಟ ಒಳಗೆ ಬಿಡಲ್ಲ ಅಂದ್ರು. ನನ್ನ ಆಧಾರ್ ಇತ್ತು, ಅಮ್ಮಂದು ಇರ್ಲಿಲ್ಲ, ಸರಿ ನೀವೊಬ್ರೇ ಹೋಗಿ ಅಂದ್ರು. ಅಷ್ಟರಲ್ಲಿ ಎಂಟ್ರಿ ಹಾಕ್ಸೋ ಟೈಮ್ ಮುಗೀತು, ನನ್ನನ್ನೂ ಬಿಡ್ಲಿಲ್ಲ. ಅಮ್ಮ ಆ ಡಬ್ಬಿನ ಹಾಗೇ ವಾಪಸ್ ತಂದು ಮನೇಲಿ ಯಾರಿಗೂ ತಿನ್ನೋಕೆ ಕೊಡ್ದೆ ದನಕ್ಕೆ ಇಟ್ಳು. ಯಾರ ಮೇಲೂ ಕೋಪ ಇಟ್ಕೊಂಡು ಇದನ್ನ ಹೇಳ್ತಿಲ್ಲ, ಗೇಟಲ್ಲಿದ್ದ ಲೇಡಿ ಕಾನ್ಸ್‌ಟೇಬಲ್ ಒಳ್ಳೇವ್ರೇ, ಆಮೇಲೆ ನಮ್ಮಮ್ಮನ್ನ ನೆರಳಲ್ಲಿ ಕೂರ್ಸಿ ನೀರು ಕೊಟ್ರು. ಆದ್ರೆ ಏನು ತರ್ಬೇಕು, ಯಾವ ದಿನ ಬರ್ಬೇಕು, ಎಷ್ಟೊತ್ತಿಗೆ ಬರ್ಬೇಕು ಅಂತ ಒಂದು ಹಾಳೇಲಿ ಬರ್ದು ಅರೆಸ್ಟ್ ಆದ ದಿನವೇ ಮನೆಯವ್ರ ಕೈಗೆ ಕೊಟ್ಟಿದ್ರೆ ಅಮ್ಮನಿಗೆ ಆ ದಿನ ಬರ್ತಿರ್ಲಿಲ್ಲ. ಈ ಹಾಳೆ ವಿಷಯಕ್ಕೆ ಆಮೇಲೆ ಮತ್ತೆ ಬರ್ತೀನಿ, ಯಾಕಂದ್ರೆ ನಾಲ್ಕು ತಿಂಗಳಲ್ಲಿ ನಮ್ಗೆ ಆಗಿದ್ದ ಅರ್ಧ ಕಷ್ಟ ಬರೀ ಗೊತ್ತಿಲ್ಲದ್ದಕ್ಕೇ ಆಗಿದ್ದು.

ಇ-ಮುಲಾಕಾತ್ ಬಗ್ಗೆ, ಅಂದ್ರೆ ಜೈಲಲ್ಲಿರೋರ ಭೇಟಿಗೆ ಆನ್‌ಲೈನಲ್ಲಿ ಬುಕ್ ಮಾಡೋದು. ಇದು ಕೇಂದ್ರ ಸರ್ಕಾರದ ಎನ್‌ಐಸಿಯವ್ರು ಮಾಡಿರೋ ಇ-ಪ್ರಿಸನ್ಸ್ ವೆಬ್‌ಸೈಟಲ್ಲಿ ಇದೆ, ದುಡ್ಡೇನೂ ಇಲ್ಲ. ನಿಮ್ಮ ಹೆಸ್ರು, ವಿಳಾಸ, ಮೊಬೈಲ್, ಗುರುತಿನ ಚೀಟಿ ನಂಬರ್, ನೋಡ್ಬೇಕಾದೋರ ಹೆಸ್ರು, ಅವ್ರ ಅಪ್ಪನ ಹೆಸ್ರು, ಯಾವ ಜೈಲು ಅಂತ ಹಾಕಿದ್ರೆ ಓಟಿಪಿ ಬರುತ್ತೆ, ನೇರ ಭೇಟಿನೋ ವಿಡಿಯೋ ಕಾಲೋ ಅಂತ ಕೇಳುತ್ತೆ, ಜೈಲಿನವ್ರು ಒಪ್ಪಿದ ಮೇಲೆ ಹೋಗ್ಬೋದು. ನನಗೆ ಫ್ಯಾಕ್ಟರಿಲಿ ವಾರದ ರಜ ಭಾನುವಾರ, ಜೈಲಲ್ಲಿ ಭಾನುವಾರ, ಸರ್ಕಾರಿ ರಜದ ದಿನ ಭೇಟಿ ಇರ್ಲಿಲ್ಲ, ಹಾಗಾಗಿ ಹೋದಾಗೆಲ್ಲಾ ಒಂದು ದಿನದ ಸಂಬಳ ಹೋಗೋದು. ವಿಡಿಯೋ ಕಾಲ್ ಗೊತ್ತಾದ್ಮೇಲೆ ಸೆಕೆಂಡ್ ಶಿಫ್ಟ್ ಇದ್ದ ವಾರ ಬೆಳಿಗ್ಗೆ ಹೊತ್ತು ಮನೆಯಿಂದಾನೇ ನೋಡಿದೀವಿ. ಮೊದಲ ಸಲ ಅಮ್ಮ ಫೋನ್ ಸ್ಕ್ರೀನ್ ಮೇಲೆ ಅವನ ಮುಖ ಸವರಿ ತೆಲುಗಲ್ಲಿ ಏನೋ ಅಂದ್ಳು (ನಮ್ಮನೇಲಿ ಅಮ್ಮಂದು ತೆಲುಗು, ನಮ್ದು ಕನ್ನಡ, ಈ ಕಡೆ ಎಲ್ಲಾ ಹಂಗೇ), ಅವನಿಗೆ ಕೇಳಿಸ್ತೋ ಇಲ್ವೋ ಗೊತ್ತಿಲ್ಲ, ತಲೆ ಆಡಿಸ್ದ. ಒಂದು ಮಾತು ನೆನಪಿಟ್ಕೊಳಿ, ಒಳಗಿರೋರ ಹೆಸರಿನ ಸ್ಪೆಲ್ಲಿಂಗ್ ಎಫ್‌ಐಆರ್‌ನಲ್ಲಿ, ವಾರಂಟಲ್ಲಿ ಹೇಗಿದೆಯೋ ಹಾಗೇ ಹಾಕಿ, ಆಧಾರ್‌ನಲ್ಲಿ ಇರೋ ಥರ ಅಲ್ಲ. ಅವನ ಹೆಸರಲ್ಲಿ ಒಂದು ಎಚ್ ಅಕ್ಷರ ಜಾಸ್ತಿ ಹಾಕಿ ಎರಡು ಸಲ ರಿಜೆಕ್ಟ್ ಮಾಡಿಸ್ಕೊಂಡಿದೀನಿ. ಇಂಗ್ಲಿಷ್ ಓದೋಕೆ ಬರ್ದಿದ್ರೆ ಊರಲ್ಲಿ ಕಾಲೇಜಿಗೆ ಹೋಗೋ ಹುಡುಗ್ರನ್ನ ಕೇಳಿ, ನಾಚ್ಕೋಬೇಡಿ. ಐದಕ್ಕೆ ನಾಲ್ಕು ಕೊಡ್ತೀನಿ.

ನೇರ ಭೇಟಿಗೆ ಹೋಗೋಕೆ ಶಕ್ತಿ ಯೋಜನೆ ಇಲ್ದಿದ್ರೆ ಅಮ್ಮನ ಕೈಲಿ ಆಗ್ತಿರ್ಲಿಲ್ಲ. 2023ರ ಜೂನಿಂದ ಸರ್ಕಾರಿ ಬಸ್ಸಲ್ಲಿ ಹೆಂಗಸ್ರಿಗೆ ಝೀರೋ ಟಿಕೆಟ್ ಅಲ್ವಾ, ಆಧಾರ್ ತೋರ್ಸಿ ಹತ್ತೋದು ಅಷ್ಟೇ. ಕ್ಯೂನಲ್ಲಿ ನಿಂತಿರೋರನ್ನ ನೋಡಿದ್ರೆ ಮುಕ್ಕಾಲು ಭಾಗ ಅಮ್ಮಂದ್ರು, ಹೆಂಡ್ತೀರು, ಸೊಂಟದಲ್ಲಿ ಮಗು. ಗಂಡ ಜೈಲಲ್ಲಿದ್ರೆ ಮನೆಗೆ ದುಡಿಯೋರಿಲ್ಲ, ಅದರ ಮೇಲೆ ಬಸ್ ಚಾರ್ಜೂ ಇದ್ದಿದ್ರೆ ಇವ್ರಲ್ಲಿ ಎಷ್ಟು ಜನ ಬರೋಕಾಗ್ತಿತ್ತು. ಭೇಟಿ ಜಾಗದಲ್ಲಿ ಮಾತ್ರ ತುಂಬಾ ಕಷ್ಟ ಆಯ್ತು, ಜಾಲರಿ ಈ ಕಡೆ ಹತ್ತು ಜನ, ಆ ಕಡೆ ಹತ್ತು ಜನ, ಎಲ್ರೂ ಒಟ್ಟಿಗೆ ಕೂಗಾಡ್ತಿರ್ತಾರೆ, ಹೊಟ್ಟೆ ನೋವು ಅಂದಿದ್ದು ಇನ್ನೇನೋ ಕೇಳ್ಸುತ್ತೆ. ಮಧ್ಯಕ್ಕೆ ಒಂದು ಗಾಜು ಹಾಕಿ ಎರಡು ಕಡೆ ಫೋನ್ ಇಟ್ರೆ ಸಾಕು, ಬೇರೆ ಕಡೆ ಹಂಗೇ ಇದೆಯಂತೆ.

ದುಡ್ಡು ಕಳ್ಸೋದು. ಒಳಗೆ ಕ್ಯಾಂಟೀನ್ ಇದೆ, ಬಿಸ್ಕೆಟ್, ಸೋಪು, ಪೇಸ್ಟ್, ಉಪ್ಪಿನಕಾಯಿ ಅಂಥದ್ದೆಲ್ಲಾ ಸಿಗುತ್ತೆ, ಅವ್ರ ಹೆಸರಲ್ಲಿ ನಾವು ಕಟ್ಟಿದ ದುಡ್ಡಿಂದ ಕಳೀತಾ ಹೋಗ್ತಾರೆ. ನಾವು ಒಂದೊಂದ್ಸಲ ಭೇಟಿ ದಿನ ಕಟ್ತಿದ್ವಿ, ಒಂದೊಂದ್ಸಲ ಪೋಸ್ಟ್ ಆಫೀಸಿಂದ ಮನಿಯಾರ್ಡರ್, ಅದಕ್ಕೆ ನೂರಕ್ಕೆ ಐದು ರೂಪಾಯಿ ಕಮಿಷನ್. ಎಷ್ಟು ಕಟ್ತೀರೋ ಬರ್ದಿಟ್ಕೊಳಿ, ರಸೀದಿ ಕೇಳಿ ಇಸ್ಕೊಳಿ. ಒಳಗೆ ನಿಮ್ಮ ಹುಡುಗ ಚೆನ್ನಾಗಿರ್ಬೇಕು ಅಂದ್ರೆ ನನಗೆ ಇಷ್ಟು ಕೊಡಿ ಅಂತ ಗೇಟ್ ಹೊರಗೆ ಒಬ್ಬ ಬಂದಿದ್ದ, ಯಾರೋ ಏನೋ, ಅಂಥೋರಿಗೆ ಕೊಡ್ಬೇಡಿ ಅಂತ ಕೈ ಮುಗಿದು ಕೇಳ್ಕೋತೀನಿ. ನಾನು ಕೊಟ್ಟಿದೀನಿ, ಎರಡು ಸಾವಿರ. ಅವನು ಮತ್ತೆ ಕಾಣ್ಸ್ಲೇ ಇಲ್ಲ, ಒಳಗೆ ತಮ್ಮನ್ನ ಕೇಳಿದ್ರೆ ಅಂಥೋರು ಯಾರೂ ಗೊತ್ತೇ ಇಲ್ಲ ಅಂದ.

ಊಟ. ಯಾರಾದ್ರೂ ಒಳಗೆ ಹೋದ್ರೆ ಮುದ್ದೆ ಮುರೀತಿದಾನೆ ಅಂತ ನಮ್ಮ ಕಡೆ ನಗಾಡ್ತಾರಲ್ಲ, ನಾನೂ ಎಷ್ಟೋ ಸಲ ಅಂದಿರೋ ಮಾತೇ, ಈಗ ಯಾರಾದ್ರೂ ಅಂದ್ರೆ ಎದ್ದು ಹೋಗ್ಬಿಡ್ತೀನಿ. ತಮ್ಮ ಹೇಳಿದ್ದೇನಂದ್ರೆ ಮುದ್ದೆ ಪರ್ವಾಗಿಲ್ಲ, ಸಾರು ತೆಳ್ಳಗೆ, ವಾರಕ್ಕೊಂದ್ಸಲ ಬಾಡೂಟ, ಹೊಟ್ಟೆಗೆ ಕಮ್ಮಿ ಆಗ್ಲಿಲ್ಲ. ಊಟದ ಬಗ್ಗೆ ನಮ್ದು ಅಂಥ ದೂರಿಲ್ಲ. ದೂರಿರೋದು ಮಲಗೋ ಜಾಗದ ಬಗ್ಗೆ. ಜನ ಜಾಸ್ತಿ, ಚಾಪೆ ಪಕ್ಕ ಚಾಪೆ, ಒಬ್ಬರಿಗೆ ಕಜ್ಜಿ ಬಂದ್ರೆ ಇಡೀ ಬ್ಯಾರಕ್‌ಗೇ ಬರುತ್ತೆ. ಇವನಿಗೆ ಬೆರಳು ಸಂದಿ, ಸೊಂಟ ಎಲ್ಲಾ ಬಂದು ರಾತ್ರಿ ನಿದ್ದೆ ಇರ್ಲಿಲ್ಲ, ಡಾಕ್ಟ್ರು ಬಂದ ದಿನ ಮುಲಾಮು ಕೊಟ್ರಂತೆ, ಆದ್ರೆ ಕಜ್ಜಿಗೆ ಒಬ್ಬನಿಗೆ ಹಚ್ಚಿದ್ರೆ ಸಾಕಾಗಲ್ಲ, ಪಕ್ಕ ಮಲಗೋರೆಲ್ಲಾ ಒಂದೇ ದಿನ ಹಚ್ಕೋಬೇಕು, ಬಟ್ಟೆ, ಹೊದಿಕೆ ಎಲ್ಲಾ ಬಿಸಿನೀರಲ್ಲಿ ಒಗೀಬೇಕು, ಇಲ್ದಿದ್ರೆ ಹದಿನೈದು ದಿನಕ್ಕೆ ಮತ್ತೆ ಅದೇ. ಅವನಿಗೆ ಹಂಗೇ ಆಯ್ತು, ಮೂರು ಸಲ.

ಈಗ ನಾನು ಮುಖ್ಯವಾಗಿ ಹೇಳ್ಬೇಕಂತ ಕೂತಿದ್ದು. ಒಳಗೆ ಹೊತ್ತು ಹೋಗೋದು ಹೇಗೆ. ನಮ್ಗೆ ಟೀವಿಲಿ ನೋಡಿ ಜೈಲಂದ್ರೆ ಎಲ್ರಿಗೂ ಕೆಲ್ಸ ಕೊಡ್ತಾರೆ, ಕೂಲಿ ಕೊಡ್ತಾರೆ, ಬೇಕರಿ ಇರುತ್ತೆ, ನೇಯ್ಗೆ ಇರುತ್ತೆ ಅಂತ ಇತ್ತು. ಅದೆಲ್ಲಾ ಇರೋದು ಸೆಂಟ್ರಲ್ ಜೈಲಲ್ಲಿ, ಶಿಕ್ಷೆ ಆದೋರಿಗೆ. ಮೈಸೂರಲ್ಲಿ ನಾಟಕದ ನಿರ್ದೇಶಕರು ಹುಲುಗಪ್ಪ ಕಟ್ಟೀಮನಿಯವ್ರು ಕೈದಿಗಳ ಕೈಲಿ ನಾಟಕ ಮಾಡಿಸ್ತಿದ್ರು, ನಮ್ಮ ಪಕ್ಕದ ದೇವನಹಳ್ಳಿ ತಾಲ್ಲೂಕಲ್ಲೇ ಕೋರಮಂಗಲ ಅಂತ ಹಳ್ಳಿಲಿ ಬಯಲು ಬಂದೀಖಾನೆ ಇದೆ (ಬೆಂಗಳೂರು ಕೋರಮಂಗಲ ಅಲ್ಲ), ಅಲ್ಲಿ ಒಳ್ಳೆ ನಡತೆ ಇರೋರು ಹೊಲ ತೋಟ ನೋಡ್ಕೋತಾರೆ. ಕೇಳೋಕೆ ಎಷ್ಟು ಚೆನ್ನಾಗಿದೆ. ಆದ್ರೆ ಕೇಸ್ ನಡೀತಾ ಇರೋನಿಗೆ, ಅಂದ್ರೆ ವಿಚಾರಣಾಧೀನ ಅಂತಾರಲ್ಲ ಅವ್ರಿಗೆ, ಇದ್ಯಾವುದೂ ಇಲ್ಲ, ಅವ್ರು ಇನ್ನೂ ತಪ್ಪಿತಸ್ಥರಲ್ಲ ಅಂತ ಬಲವಂತವಾಗಿ ಕೆಲ್ಸ ಮಾಡ್ಸೋ ಹಾಗಿಲ್ಲ, ಸರಿ ಬಿಡಿ, ಆದ್ರೆ ಬದಲಿಗೆ ಏನಿದೆ? 2022ರ ಸರ್ಕಾರಿ ಲೆಕ್ಕದಲ್ಲೇ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನರು, ಅಂದ್ರೆ ನಾಲ್ಕರಲ್ಲಿ ಮೂರು ಜನ. ಈ ಮೂರು ಜನ ಬೆಳಿಗ್ಗೆ ಎದ್ದು ತಲೆ ಲೆಕ್ಕ ಕೊಟ್ಟು ಗೋಡೆ ನೋಡ್ಕೊಂಡು ಕೂತು ಸಂಜೆ ಮತ್ತೆ ಲೆಕ್ಕ ಕೊಟ್ಟು ಮಲಗ್ತಾರೆ. ಮಾವಿನ ಸೀಜನ್‌ನಲ್ಲಿ ನಮ್ಮ ತಮ್ಮ ಮಂಡಿಲಿ ರಾತ್ರಿ ಹಗಲು ಲೋಡ್ ಹೊರೋನು, ವರ್ಷದ ದುಡ್ಡೆಲ್ಲಾ ಆ ಎರಡು ಮೂರು ತಿಂಗಳಲ್ಲೇ, ಅಂಥೋನು ಇಡೀ ಸೀಜನ್ ಕೈ ಕಟ್ಕೊಂಡು ಕೂತ. ಎರಡನೇ ತಿಂಗಳಲ್ಲಿ ನೋಡೋಕೆ ಹೋದಾಗ ಮಾತಾಡೋದೇ ಬಿಟ್ಟಿದ್ದ. ಏನ್ ಕೇಳಿದ್ರೂ ಹೂಂ, ಉಹೂಂ.

ಅವನನ್ನ ಎತ್ತಿ ನಿಲ್ಲಿಸಿದ್ದು ಅಕ್ಷರ ಕಲಿಸೋ ಕ್ಲಾಸು. ದೊಡ್ಡೋರಿಗೆ ಅಕ್ಷರ ಕಲಿಸೋ ಸರ್ಕಾರದ ಲೋಕ ಶಿಕ್ಷಣದ ಕಡೆಯಿಂದ ಓದು ಬರಹ ಬರ್ದಿರೋ ಕೈದಿಗಳಿಗೆ ಪಾಠ ಮಾಡಿಸ್ತಾರೆ, ಪಾಠ ಮಾಡೋದು ಒಳಗೇ ಇರೋ ಓದಿದ ಕೈದಿಗಳು. ಇವನು ಎಸ್ಸೆಸ್ಸೆಲ್ಸಿ ಫೇಲು, ಆದ್ರೆ ಕೈಬರಹ ದುಂಡಗೆ ಚೆನ್ನಾಗಿದೆ, ಅದು ನೋಡಿ ಅಲ್ಲಿನ ಒಬ್ರು ವಾರ್ಡರ್ ನೀನೂ ಹೇಳ್ಕೊಡು ಅಂತ ಮೂರು ಜನನ್ನ ಒಪ್ಪಿಸಿದ್ರಂತೆ. ಅದರಲ್ಲಿ ಒಬ್ರು ಅರವತ್ತು ದಾಟಿದ ಯಜಮಾನ್ರು, ಜಮೀನು ಕೇಸು, ಹೆಬ್ಬೆಟ್ಟು ಒತ್ತಿದ್ದಕ್ಕೇ ಇಲ್ಲಿಗೆ ಬಂದೆ ಅಂತಿದ್ರಂತೆ ಅವ್ರು. ಅವ್ರಿಗೆ ಸೈನ್ ಮಾಡೋದು ಕಲಿಸೋಕೆ ಇಪ್ಪತ್ತು ದಿನ ಹಿಡೀತು ಅಂದ. ಆಮೇಲೆ ಬ್ಯಾರಕ್‌ನಲ್ಲಿ ಬೇರೆಯವ್ರಿಗೆಲ್ಲಾ ಕಾಗದ ಬರ್ದುಕೊಡೋ ಕೆಲ್ಸ ಇವನದೇ ಆಯ್ತು. ನಮ್ಗೂ ಪೋಸ್ಟ್ ಕಾರ್ಡ್ ಬರೋಕೆ ಶುರುವಾಯ್ತು, ಐವತ್ತು ಪೈಸೆ ಕಾರ್ಡು, ಅದು ಇನ್ನೂ ಇದೆ ಅನ್ನೋದೇ ನನಗೆ ಗೊತ್ತಿರ್ಲಿಲ್ಲ. ಕಾಗದ ಓದಿಯೇ ಹೊರಗೆ ಕಳಿಸ್ತಾರೆ, ಹಾಗಾಗಿ ಅದರಲ್ಲಿ ಗುಟ್ಟೇನೂ ಇರಲ್ಲ, ಹಸು ಈದಿದೆಯಾ, ಮಳೆ ಆಯ್ತಾ, ಅಮ್ಮ ಶುಗರ್ ಮಾತ್ರೆ ತಗೋತಿದಾಳಾ, ಅಷ್ಟೇ. ಹದಿನೊಂದು ಕಾರ್ಡ್ ಬಂದಿದೆ, ಅಮ್ಮ ಓದೋಕೆ ಬರಲ್ಲ, ದೇವರ ಗೂಡಲ್ಲಿ ಇಟ್ಟಿದಾಳೆ. ಈ ಕ್ಲಾಸಿಗೆ ನಾನು ಐದಕ್ಕೆ ಐದು ಕೊಡ್ತೀನಿ, ಪಾಠಕ್ಕೆ ಬೋರ್ಡ್ ಇರ್ಲಿಲ್ಲ, ಸೀಮೆಸುಣ್ಣ ಇರ್ಲಿಲ್ಲ, ಆದ್ರೂ ಐದು. ಟೈಲರಿಂಗೋ ಏನೋ ಕಲಿಸೋಕೆ ಹೊರಗಿಂದ ಒಂದು ಸಂಸ್ಥೆಯವ್ರು ಹತ್ತು ದಿನ ಬಂದಿದ್ರಂತೆ, ಫೋಟೋ ತೆಗ್ಸಿ, ಸರ್ಟಿಫಿಕೇಟ್ ಕೊಟ್ಟು ಹೋದ್ರು, ಆಮೇಲೆ ಮಷೀನೂ ಇಲ್ಲ ಬಟ್ಟೆನೂ ಇಲ್ಲ. ಅದರ ಬಗ್ಗೆ ಇನ್ನೇನ್ ಹೇಳ್ಲಿ. ಲೈಬ್ರರಿ ಇದೆ, ಪುಸ್ತಕ ಹಳೇವು, ಪೇಪರ್ ಬರುತ್ತೆ.

ಉಚಿತ ಕಾನೂನು ನೆರವು. ಇದನ್ನ ದಯವಿಟ್ಟು ಪೂರ್ತಿ ಓದಿ. ಮೊದಲು ನಾವು ಯಾರೋ ಹೇಳಿದ್ರು ಅಂತ ಒಬ್ಬ ಪ್ರೈವೇಟ್ ವಕೀಲ್ರನ್ನ ಹಿಡಿದ್ವಿ, ಅಮ್ಮನ ಓಲೆ ಅಡ ಇಟ್ಟು ಮೂವತ್ತೈದು ಸಾವಿರ ಕೊಟ್ವಿ, ಆಮೇಲೆ ಫೋನ್ ಎತ್ತಿದ್ರೆ ಮೂರು ದಿನಕ್ಕೊಂದ್ಸಲ, ಜಾಮೀನು ಅರ್ಜಿ ವಜಾ ಆಗಿದ್ದೂ ನಮ್ಗೆ ಹತ್ತು ದಿನ ಆದ್ಮೇಲೆ ಗೊತ್ತಾಯ್ತು. ಕ್ಯೂನಲ್ಲಿ ಪರಿಚಯ ಆದ ಮುಳಬಾಗಿಲಿನ ಒಬ್ರು ಅಕ್ಕ ಹೇಳಿದ್ರು, ಕೋರ್ಟಲ್ಲೇ ಕಾನೂನು ಸೇವಾ ಪ್ರಾಧಿಕಾರ ಇದೆಯಲ್ಲ, ಯಾಕೆ ಹೋಗಿಲ್ಲ ಅಂತ. ನಾನು ಅದು ಬಿಪಿಎಲ್ ಕಾರ್ಡ್ ಇರೋರಿಗೆ, ನನಗೆ ಫ್ಯಾಕ್ಟರಿ ಸಂಬಳ ಬರುತ್ತೆ, ಕೊಡಲ್ಲ ಅಂದ್ಕೊಂಡಿದ್ದೆ. ತಪ್ಪು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 12ನೇ ಸೆಕ್ಷನ್‌ನಲ್ಲಿ ಬಂಧನದಲ್ಲಿರೋ ಯಾರಿಗಾದ್ರೂ ಉಚಿತ ವಕೀಲರು ಕೊಡ್ಬೇಕು ಅಂತ ಇದೆ, ಆದಾಯ ಎಷ್ಟು ಅಂತ ನೋಡೋ ಹಾಗೇ ಇಲ್ಲ. ಹೆಂಗಸ್ರು, ಮಕ್ಕಳು, ಎಸ್ಸಿ ಎಸ್ಟಿಯವ್ರಿಗೂ ಹಂಗೇ. ಕೋಲಾರದಲ್ಲಿ ಕೋರ್ಟ್ ಆವರಣದಲ್ಲಿ ಜಿಲ್ಲಾ ಪ್ರಾಧಿಕಾರ, ತಾಲ್ಲೂಕು ಕೋರ್ಟಲ್ಲಿ ತಾಲ್ಲೂಕು ಸಮಿತಿ, ಫೋನ್ ಮಾಡೋದಾದ್ರೆ 15100. ನಾನು ಅರ್ಜಿ ಕೊಟ್ಟೆ, ಒಬ್ರು ಲೇಡಿ ಲಾಯರ್‌ನ ಕೊಟ್ರು, ಚಿಕ್ಕ ವಯಸ್ಸು, ಇವ್ರು ಏನ್ ಮಾಡ್ತಾರೋ ಅಂತ ನನಗೆ ಅನುಮಾನ ಇತ್ತು, ಹೇಳೋಕೆ ಈಗ ಬೇಜಾರಾಗುತ್ತೆ. ಅವ್ರೇ ಜೈಲಿಗೆ ಹೋಗಿ ತಮ್ಮನ್ನ ಮಾತಾಡ್ಸಿದ್ರು, ಸೆಷನ್ಸ್ ಕೋರ್ಟಲ್ಲಿ ಅರ್ಜಿ ಹಾಕಿದ್ರು, ಪ್ರತಿ ಡೇಟ್ ಆದ್ಮೇಲೆ ಮೆಸೇಜ್ ಹಾಕ್ತಿದ್ರು. ಜಾಮೀನು ಸಿಕ್ತು. ಒಂದು ರೂಪಾಯಿ ತಗೊಳ್ಲಿಲ್ಲ, ಒಂದು ಕೇಜಿ ಮಾವಿನಹಣ್ಣು ಕೊಟ್ರೂ ತಗೊಳ್ಲಿಲ್ಲ.

ಜಾಮೀನು ಸಿಕ್ಕಿದ್ರೆ ಸಾಲ್ದು. ಐವತ್ತು ಸಾವಿರಕ್ಕೆ ಇಬ್ರು ಶೂರಿಟಿ ಅಂತ ಆದೇಶ ಆಯ್ತು, ಶೂರಿಟಿ ಅಂದ್ರೆ ಅವನಿಗೆ ಹೊಣೆ ನಿಲ್ಲೋರು, ನಮ್ಗೆ ಅವ್ರ ಹೆಸರಲ್ಲಿ ಪಹಣಿ ಇರ್ಬೇಕು ಅಂದ್ರು. ನಮ್ಮ ಜಮೀನು ಇನ್ನೂ ತಾತನ ಹೆಸರಲ್ಲೇ ಇದೆ, ಪೌತಿ ಖಾತೆ ಮಾಡಿಸಿಲ್ಲ, ಊರಲ್ಲಿ ಅರ್ಧ ಜನದ್ದು ಹಂಗೇ. ಪಹಣಿ ಇರೋ ನೆಂಟ್ರು ನಾಳೆ ಬರ್ತೀನಿ ಅಂತ ಹೇಳಿ ಫೋನ್ ಆಫ್ ಮಾಡ್ಕೊಂಡ್ರು. ಹೀಗೆ ಜಾಮೀನು ಆದೇಶ ಇಟ್ಕೊಂಡೇ ಹನ್ನೆರಡು ದಿನ ಒಳಗಿದ್ದ. ಆ ಹನ್ನೆರಡು ದಿನ ನಾಲ್ಕು ತಿಂಗಳಿಗಿಂತ ಉದ್ದ ಅನ್ಸ್ತು ನನಗೆ. ಆಗ ಆ ಲಾಯರ್ ಹೇಳಿದ್ದು, 2023ರ ಜನವರಿ 31ಕ್ಕೆ ಸುಪ್ರೀಂ ಕೋರ್ಟ್ ಒಂದು ಆದೇಶ ಮಾಡಿದೆ, ಜಾಮೀನು ಸಿಕ್ಕಿ ಏಳು ದಿನದಲ್ಲಿ ಬಿಡುಗಡೆ ಆಗದಿದ್ರೆ ಜೈಲ್ ಸೂಪರಿಂಟೆಂಡೆಂಟ್ ಕಾನೂನು ಸೇವಾ ಪ್ರಾಧಿಕಾರದ ಸೆಕ್ರೆಟರಿಗೆ ತಿಳಿಸ್ಬೇಕು, ತಿಂಗಳಾದ್ರೂ ಬಾಂಡ್ ಕೊಡೋಕಾಗದಿದ್ರೆ ಷರತ್ತು ಸಡಿಲ ಮಾಡ್ಬೋದಾ ಅಂತ ಕೋರ್ಟೇ ನೋಡ್ಬೋದು ಅಂತ. ಬಡ ಕೈದಿಗಳಿಗೆ ಅಂತ ಕೇಂದ್ರ ಗೃಹ ಸಚಿವಾಲಯದ ಯೋಜನೆನೂ ಇದೆ, ಅದೂ 2023ರದ್ದೇ, ಶುರುವಾದಾಗ ಜಾಮೀನಿಗೆ 40,000 ರೂಪಾಯಿವರೆಗೆ, ಶಿಕ್ಷೆಯಾಗಿ ದಂಡ ಕಟ್ಟೋಕಾಗದೆ ಇರೋರಿಗೆ 25,000ವರೆಗೆ ಅಂತಿತ್ತು, ದುಡ್ಡು ನಮ್ಮ ಕೈಗೆ ಬರಲ್ಲ, ಜಿಲ್ಲಾಧಿಕಾರಿ, ಪ್ರಾಧಿಕಾರದ ಸೆಕ್ರೆಟರಿ ಎಲ್ಲಾ ಇರೋ ಸಮಿತಿ ನೋಡಿ ಕೋರ್ಟಿಗೆ ಕಟ್ಟುತ್ತೆ. ಎನ್‌ಡಿಪಿಎಸ್ (ಗಾಂಜಾ, ಡ್ರಗ್ಸ್), ಯುಎಪಿಎ (ಭಯೋತ್ಪಾದನೆ) ಥರದ ಕೇಸಿಗೆ ಇಲ್ಲ. ನಮ್ಗೆ ಅದು ಬೇಕಾಗ್ಲಿಲ್ಲ, ಷರತ್ತು ಬದಲಾಯ್ಸಿ ಅಂತ ಅರ್ಜಿ ಹಾಕಿದ್ರು, ಒಬ್ರೇ ಶೂರಿಟಿ ಸಾಕು ಅಂತಾಯ್ತು, ಚಿಕ್ಕಮ್ಮನ ಗಂಡ ಅವ್ರ ಒಂದೂಕಾಲು ಎಕರೆ ಪಹಣಿ ತಂದು ನಿಂತ್ರು. ಅವ್ರ ಋಣ ತೀರಲ್ಲ.

ತಮ್ಮನ ಬ್ಯಾರಕ್‌ನಲ್ಲೇ ಇದ್ದ ಬಾಗೇಪಲ್ಲಿ ಕಡೆ ಹುಡುಗನಿಗೆ ಇನ್ನೊಂದು ದಾರಿ ಇತ್ತು, ಕಳ್ಳತನದ ಕೇಸು, ಮೊದಲ ಕೇಸು, ಕೇಳೋರೇ ಇಲ್ಲ. ಸಿಆರ್‌ಪಿಸಿ ಬದಲಿಗೆ ಬಂದ ಹೊಸ ಕಾನೂನು ಬಿಎನ್‌ಎಸ್‌ಎಸ್ 479ನೇ ಸೆಕ್ಷನ್ ಪ್ರಕಾರ ಹಿಂದೆ ಯಾವ ಕೇಸಲ್ಲೂ ಶಿಕ್ಷೆ ಆಗಿಲ್ಲದೋನು ಆ ಅಪರಾಧಕ್ಕಿರೋ ಗರಿಷ್ಠ ಶಿಕ್ಷೇಲಿ ಮೂರನೇ ಒಂದು ಭಾಗ ಒಳಗೇ ಕಳೆದಿದ್ರೆ ಬಾಂಡ್ ಮೇಲೆ ಬಿಡ್ಬೇಕು, ಬೇರೆಯವ್ರಿಗೆ ಅರ್ಧ, ಮರಣದಂಡನೆ, ಜೀವಾವಧಿ ಇರೋ ಕೇಸಿಗೆ ಇಲ್ಲ, ಎರಡು ಮೂರು ಕೇಸ್ ಇರೋರಿಗೂ ಇಲ್ಲ. ಅರ್ಜಿ ಹಾಕ್ಬೇಕಾಗಿರೋದು ಜೈಲಿನವ್ರೇ. ಈ ಕಾನೂನು ಜಾರಿಗೆ ಬಂದ 2024ರ ಜುಲೈ 1ಕ್ಕಿಂತ ಮುಂಚಿನ ಕೇಸಿಗೂ ಇದು ಅನ್ವಯ ಅಂತ ಸುಪ್ರೀಂ ಕೋರ್ಟ್ ಅದೇ ವರ್ಷ ಆಗಸ್ಟಲ್ಲಿ ಹೇಳಿದೆ. ಆ ಹುಡುಗನಿಗೆ ಈ ಲೆಕ್ಕ ಹಾಕಿಕೊಟ್ಟು ಅರ್ಜಿ ಬರ್ದವನು ನಮ್ಮ ತಮ್ಮ, ಜೈಲಿಗೆ ಬರ್ತಿದ್ದ ಪ್ರಾಧಿಕಾರದ ಪ್ಯಾರಾಲೀಗಲ್ ವಾಲಂಟಿಯರ್ (ಕಾನೂನು ಸಹಾಯಕರು) ಹೇಳ್ಕೊಟ್ಟಿದ್ದು. ಏನಾಯ್ತು ಅಂತ ಇನ್ನೂ ಗೊತ್ತಾಗಿಲ್ಲ.

ಆಚೆ ಬಂದ್ಮೇಲೆ ಏನಿದೆ ಅಂದ್ರೆ ಏನೂ ಇಲ್ಲ, ಇದಕ್ಕೆ ಸೊನ್ನೆನೇ ಕೊಡ್ತೀನಿ. ಬಸ್ ಸ್ಟ್ಯಾಂಡ್ ತೋರ್ಸೋರೂ ಇರಲ್ಲ. ಒಳಗೆ ರಾತ್ರಿಯೆಲ್ಲಾ ಲೈಟ್ ಉರೀತಿತ್ತಲ್ಲ, ಇವನಿಗೆ ಈಗ ಕತ್ತಲಾದ್ರೆ ನಿದ್ದೆ ಬರಲ್ಲ, ಬೈಕ್ ಸೌಂಡ್ ಕೇಳಿದ್ರೆ ಎದ್ದು ಕೂರ್ತಾನೆ. ಮಂಡಿಲಿ ಮುಂದಿನ ಸೀಜನ್‌ಗೆ ನೋಡೋಣ ಅಂದಿದಾರೆ, ಬೇಡ ಅಂದಿಲ್ಲ, ಬಾ ಅಂತಾನೂ ಅಂದಿಲ್ಲ. ನಾನು 14416ಕ್ಕೆ ಫೋನ್ ಮಾಡ್ಸಿದೆ, ಟೆಲಿ ಮಾನಸ್ ಅಂತ ಮನಸ್ಸಿನ ಕಷ್ಟ ಹೇಳ್ಕೊಳೋಕೆ ಇರೋ ಸರ್ಕಾರಿ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ಮೊದಲ ಸಲ ಎರಡು ನಿಮಿಷಕ್ಕೆ ಇಟ್ಬಿಟ್ಟ, ಎರಡನೇ ಸಲ ಹಿತ್ತಲಿಗೆ ಹೋಗಿ ಅರ್ಧ ಗಂಟೆ ಮಾತಾಡ್ದ. ಈಗ ವಾರಕ್ಕೊಂದ್ಸಲ ಅವನೇ ಮಾಡ್ತಾನೆ.

ಆಗ್ಲೇ ಹಾಳೆ ಅಂದ್ನಲ್ಲ. ಅದನ್ನ ನಾನೇ ಬರ್ದೆ, ಅಂದ್ರೆ ನಾನು ಹೇಳ್ದೆ, ತಮ್ಮ ಅವನ ದುಂಡಗಿನ ಅಕ್ಷರದಲ್ಲಿ ಬರ್ದ, ಮೇಲೆ ಕನ್ನಡ, ಕೆಳಗೆ ಅಮ್ಮ ಹೇಳಿದ ತೆಲುಗು ಕನ್ನಡ ಅಕ್ಷರದಲ್ಲೇ. ಎಲ್ರೂ ಆಧಾರ್ ತನ್ನಿ, ಬೆಳಿಗ್ಗೆ ಬೇಗ ಬನ್ನಿ, ಭಾನುವಾರ ಬರ್ಬೇಡಿ, ಅಡುಗೆ ತರ್ಬೇಡಿ, ಬಟ್ಟೆ ತರ್ಬೋದು, ಗೇಟ್ ಹೊರಗೆ ಯಾರಿಗೂ ದುಡ್ಡು ಕೊಡ್ಬೇಡಿ, ವಕೀಲರು ಉಚಿತ, 15100, ಜಾಮೀನು ಆಗಿ ಏಳು ದಿನ ಆದ್ರೆ ಪ್ರಾಧಿಕಾರಕ್ಕೆ ಹೋಗಿ. ನೂರು ಜೆರಾಕ್ಸ್ ಮಾಡಿಸಿ ಆ ಗೇಟ್ ಎದುರಿನ ಟೀ ಅಂಗಡಿ ಅಣ್ಣನ ಹತ್ರ ಇಟ್ಟು ಬಂದಿದೀನಿ. ಅಲ್ಲಿಗೆ ಹೋಗೋರಿಗೆ ಯಾವ ಅಂಗಡಿ ಅಂತ ಗೊತ್ತಾಗುತ್ತೆ, ಬೇವಿನ ಮರದ ಕೆಳಗೆ ಇರೋದು. ಕೇಳಿ ಇಸ್ಕೊಳಿ, ದುಡ್ಡೇನಿಲ್ಲ. ಮುಗಿದಿದ್ರೆ ಆ ಅಣ್ಣನಿಗೇ ಹೇಳಿ, ತಿಂಗಳ ಮೊದಲ ವಾರ ತಮ್ಮ ಡೇಟಿಗೆ ಅಂತ ಕೋರ್ಟಿಗೆ ಹೋಗ್ತಾನೆ, ಇನ್ನೊಂದು ಕಟ್ಟು ಹಾಕಿ ಬರ್ತಾನೆ.